ಅಪ್ಪನ ಆರ್‌ಎಕ್ಸ್ 100 ಮತ್ತೆ ಓಡಿತು; ಆದರೆ ಇದನ್ನ ಇನ್ನೆಷ್ಟು ದಿನ ಕಟ್ಟೋಕಾಗುತ್ತೆ?

ಅಪ್ಪನ ಯಮಹಾ ಆರ್‌ಎಕ್ಸ್ 100 ಏಳು ವರ್ಷ ನಮ್ಮ ಕೊಟ್ಟಿಗೆಯಲ್ಲಿ ನಿಂತಿತ್ತು. ಗಾಜನೂರಿನ ಮಳೆಗಾಲ ನೋಡಿದವರಿಗೆ ಆಮೇಲೇನಾಗಿರುತ್ತೆ ಅಂತ ಹೇಳಬೇಕಿಲ್ಲ. ಒಂದು ಕಡೆ ತುಂಗೆಯ ಹಿನ್ನೀರು, ಇನ್ನೊಂದು ಕಡೆ ಸಕ್ರೆಬೈಲಿನ ಕಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ಒರಗಿಸಿಟ್ಟ ಗುದ್ದಲಿಗೂ ತುಕ್ಕು ಹಿಡಿಯುತ್ತೆ. ಗಾಡಿಯ ಟ್ಯಾಂಕ್ ಒಳಗೆ ಕೆಂಪು ಪುಡಿ, ಸೀಟಿನಲ್ಲಿ ಇಲಿ ಗೂಡು, ಕಿಕ್ಕರ್ ಕಲ್ಲಿನ ಹಾಗೆ ಬಿಗಿ.

1992ರ ಗಾಡಿ ಅದು. ಅಪ್ಪ ಅದರಲ್ಲೇ ಶಿವಮೊಗ್ಗಕ್ಕೆ ಹಾಲು ಹಾಕಿ ಬಂದರು, ಮಂಡಿಗೆ ಅಡಿಕೆ ಮೂಟೆ ಸಾಗಿಸಿದರು, ನನ್ನನ್ನೂ ಅಣ್ಣನನ್ನೂ ಟ್ಯಾಂಕ್ ಮೇಲೊಬ್ಬ, ಹಿಂದೊಬ್ಬ ಕೂರಿಸಿಕೊಂಡು ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೆಗೆ ಕರೆದುಕೊಂಡು ಹೋದರು. 2016ರಲ್ಲಿ ಮಂಡಿನೋವು ಶುರುವಾಗಿ ಕಿಕ್ ಹೊಡೆಯೋಕಾಗದೆ ನಿಲ್ಲಿಸಿದರು. 2023ರಲ್ಲಿ ಒಂದು ದಿನ ಊಟ ಮಾಡ್ತಾ, "ಆ ಗಾಡಿನ ಗುಜರಿಗೆ ಹಾಕ್ಬೇಡ. ಒಂದ್ಸಲ ಸೌಂಡು ಕೇಳ್ಬೇಕು" ಅಂದರು. ಅಲ್ಲಿಂದ ಶುರುವಾಯಿತು.

ಹಳೇ ಜಪಾನಿ ಬೈಕ್ ರೀಸ್ಟೋರ್ ಮಾಡೋದು ಈಗ ದೊಡ್ಡ ಶೋಕಿ. ವಿಡಿಯೋಗಳಲ್ಲಿ ಹತ್ತು ನಿಮಿಷದಲ್ಲಿ ತುಕ್ಕಿನ ಗಾಡಿ ಕನ್ನಡಿಯಂತಾಗುತ್ತೆ. ನಿಜವಾಗಿ ಕೈ ಹಾಕಿದ ಮೇಲೆ ನನಗೆ ಗೊತ್ತಾಗಿದ್ದು ಬೇರೆ. ಗಾಡಿ ಉಳಿಯಬೇಕಾದರೆ ಮೂರು ಬೇಕು: ಬಿಡಿಭಾಗ, ಕಾಗದಪತ್ರ, ಕೆಲಸ ಬಲ್ಲ ಕೈ. ಎಲ್ಲರೂ ಚಿಂತೆ ಮಾಡೋದು ಮೊದಲನೆಯದರ ಬಗ್ಗೆ. ಬೇಗ ಮುಗಿದುಹೋಗ್ತಿರೋದು ಉಳಿದೆರಡು.

ಜಪಾನಿ ಗಾಡಿ ನಮ್ಮೂರಿಗೆ ಬಂದಿದ್ದು

ಎಂಬತ್ತರ ದಶಕದ ಮೊದಲವರೆಗೆ ಬೈಕ್ ಅಂದ್ರೆ ಬುಲೆಟ್, ರಾಜ್‌ದೂತ್, ನಮ್ಮ ಮೈಸೂರಿನ ಐಡಿಯಲ್ ಜಾವಾದ ಯೆಜ್ಡಿ. ಆಮೇಲೆ ಸರ್ಕಾರ ವಿದೇಶಿ ಕಂಪನಿಗಳ ಸಹಯೋಗಕ್ಕೆ ಬಾಗಿಲು ತೆರೆಯಿತು. ಎಸ್ಕಾರ್ಟ್ಸ್ 1983ರಲ್ಲಿ ಯಮಹಾದ ಆರ್‌ಡಿ 350 ಅನ್ನು ರಾಜ್‌ದೂತ್ ಹೆಸರಲ್ಲಿ ತಂದಿತು. 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100, ಅದೇ ವರ್ಷದ ಕೊನೆಗೆ ಆರ್‌ಎಕ್ಸ್ 100. ಕವಾಸಾಕಿ ಬಜಾಜ್ ಕೂಡ ಹಿಂದೆಯೇ ಬಂತು.

ಆರ್‌ಎಕ್ಸ್ 100 ಹೆಸರು ಮಾಡಿದ್ದು ಯಾಕೆ? 98 ಸಿಸಿ ಎಂಜಿನ್, 11 ಕುದುರೆ ಶಕ್ತಿ, ಗಾಡಿಯ ತೂಕ ನೂರು ಕಿಲೋ ಆಸುಪಾಸು. ತೂಕ ಕಡಿಮೆ, ಶಕ್ತಿ ಜಾಸ್ತಿ, ಇಷ್ಟೇ ಗುಟ್ಟು. 1996ರಲ್ಲಿ ಉತ್ಪಾದನೆ ನಿಂತಿತು. ಆ ಏಪ್ರಿಲ್‌ನಿಂದಲೇ ದೇಶದಲ್ಲಿ ದ್ವಿಚಕ್ರ ವಾಹನಗಳ ಹೊಗೆ ನಿಯಮ ಬಿಗಿಯಾಯಿತು. ಮೈಸೂರಿನ ಯೆಜ್ಡಿ ಕಾರ್ಖಾನೆ ಮುಚ್ಚಿದ್ದೂ ಅದೇ ವರ್ಷ. ಆದರೂ ಆರ್‌ಎಕ್ಸ್ ಹುಚ್ಚು ಹೋಗಲಿಲ್ಲ. 2015ರಲ್ಲಿ ದುನಿಯಾ ವಿಜಯ್ ಸಿನಿಮಾದ ನಾಯಕನಿಗೆ 'ಆರ್‌ಎಕ್ಸ್ ಸೂರಿ' ಅಂತ ಹೆಸರಿಟ್ಟಾಗ ಯಾರಿಗೂ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾನು ಮಾಡಿದ ಮೊದಲ ತಪ್ಪು

ನಾನು ಉಲ್ಟಾ ಶುರು ಮಾಡಿದೆ. ಮೊದಲು ಟ್ಯಾಂಕ್‌ಗೆ ಬಣ್ಣ, ಮಡ್‌ಗಾರ್ಡ್‌ಗೆ ಕ್ರೋಮ್, ಹೊಸ ಸೀಟ್ ಕವರ್. ಎಂಜಿನ್ ವಿಷಯದಲ್ಲಿ ಪ್ಲಗ್ ಬದಲಾಯಿಸಿ, ಕಾರ್ಬುರೇಟರ್ ತೊಳೆಸಿ, ಸಿಲಿಂಡರ್‌ಗೆ ಎಣ್ಣೆ ಬಿಟ್ಟು ನೆನೆಸಿ ಕಿಕ್ ಹೊಡೆದೆ. ಹತ್ತಿಪ್ಪತ್ತು ಕಿಕ್ ಆದ ಮೇಲೆ ಸ್ಟಾರ್ಟ್ ಆಯಿತು. ಅಪ್ಪ ಜಗುಲಿಗೆ ಬಂದು ನಿಂತರು. ಖುಷಿಯಲ್ಲಿ ಶಿವಮೊಗ್ಗ ರಸ್ತೆಗೆ ಇಳಿಸಿದೆ. ಐದು ಕಿಲೋಮೀಟರ್ ಹೋಗಿರಲಿಲ್ಲ, ಎಂಜಿನ್ ಕಿರ್ರ್ ಅಂದು ಹಿಂದಿನ ಚಕ್ರ ಕಚ್ಚಿಕೊಂಡಿತು. ಪಿಸ್ಟನ್ ಸೀಜ್. ಬೀಳದೆ ಉಳಿದಿದ್ದು ಪುಣ್ಯ.

ಯಾಕಾಯಿತು ಅಂತ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆಯ ಒಬ್ಬ ಹಳೇ ಮೆಕ್ಯಾನಿಕ್ ಭಾಯ್ ಬಿಡಿಸಿ ಹೇಳಿದರು. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್-ಗಾಳಿಯ ಮಿಶ್ರಣ ನೇರವಾಗಿ ಪಿಸ್ಟನ್ ಮೇಲಕ್ಕೆ ಹೋಗಲ್ಲ. ಮೊದಲು ಕೆಳಗೆ, ಕ್ರ್ಯಾಂಕ್ ತಿರುಗೋ ಕೋಣೆಗೆ ಬರುತ್ತೆ. ಪಿಸ್ಟನ್ ಇಳಿಯುವಾಗ ಅಲ್ಲಿ ಒತ್ತಡಕ್ಕೆ ಸಿಕ್ಕಿ, ಪಕ್ಕದ ದಾರಿಯಿಂದ ಮೇಲೇರುತ್ತೆ. ಅಂದರೆ ಆ ಕೋಣೆಗೆ ಹೊರಗಿನ ಗಾಳಿ ಒಂಚೂರೂ ನುಗ್ಗಬಾರದು. ಅದನ್ನ ತಡೆಯೋದು ಕ್ರ್ಯಾಂಕಿನ ಎರಡೂ ಬದಿಯ ರಬ್ಬರ್ ಸೀಲ್‌ಗಳು. ಏಳು ವರ್ಷ ನಿಂತ ಗಾಡಿಯಲ್ಲಿ ಸೀಲ್ ಒಣಗಿ ಗಟ್ಟಿಯಾಗಿರುತ್ತೆ. ಸಂದಿಯಿಂದ ಗಾಳಿ ನುಗ್ಗಿದರೆ ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಕಡಿಮೆಯಾಗುತ್ತೆ, ಜೊತೆಗೆ ಎಣ್ಣೆಯ ಪಾಲೂ. ಬಿಸಿ ಏರಿ ಪಿಸ್ಟನ್ ಹಿಗ್ಗಿ ಸಿಲಿಂಡರ್‌ಗೆ ಕಚ್ಚಿಕೊಳ್ಳುತ್ತೆ.

"ಸರ್, ನೀವು ಮದುಮಗನಿಗೆ ಸೂಟ್ ಹಾಕ್ಸಿದ್ರಿ, ಜ್ವರ ಇದೆಯಾ ಅಂತ ನೋಡ್ಲಿಲ್ಲ" ಅಂದರು ಭಾಯ್. ಸೀಲ್‌ಗೆ ಕೊಡಬೇಕಾಗಿದ್ದು ಕೆಲವು ನೂರು ರೂಪಾಯಿ. ಅದನ್ನ ಬಿಟ್ಟಿದ್ದಕ್ಕೆ ಪಿಸ್ಟನ್, ರಿಂಗ್, ಬೋರ್ ಎಲ್ಲ ಮಾಡಿಸಬೇಕಾಯಿತು.

ಹಾಗಾಗಿ ನಿಂತ ಗಾಡಿ ಎಬ್ಬಿಸೋರಿಗೆ ನನ್ನ ಮೊದಲ ಮಾತು: ಎಂಜಿನ್ ಪೂರ್ತಿ ಬಿಚ್ಚಿಸಿ. ಸೀಲ್, ಬೇರಿಂಗ್, ಗ್ಯಾಸ್ಕೆಟ್ ಹೊಸದು ಹಾಕಿ. ಆಮೇಲೆ ಬ್ರೇಕ್, ಟಯರ್, ವೈರಿಂಗ್. ಬಣ್ಣ ಕೊನೆಗೆ.

ಭದ್ರಾವತಿಯ ಲೇತ್

ಸೀಜ್ ಆದ ಸಿಲಿಂಡರ್ ಗೋಡೆಯಲ್ಲಿ ಗೀರು ಬಿದ್ದಿತ್ತು. ಅದನ್ನ ಬೋರ್ ಮಾಡಬೇಕು, ಅಂದರೆ ಒಳಗೋಡೆಯನ್ನ ಒಂದೇ ಸಮನಾಗಿ ಸ್ವಲ್ಪ ಕೊರೆದು ದೊಡ್ಡದು ಮಾಡಿ, ಅದಕ್ಕೆ ಸರಿಯಾದ ದೊಡ್ಡ ಪಿಸ್ಟನ್ ಹಾಕಬೇಕು. ಆರ್‌ಎಕ್ಸ್ 100ರ ಸಿಲಿಂಡರ್ ಅಗಲ 50 ಮಿ.ಮೀ., ಪಿಸ್ಟನ್ ಓಡೋ ದೂರವೂ 50 ಮಿ.ಮೀ. ಓವರ್‌ಸೈಜ್ ಪಿಸ್ಟನ್‌ಗಳು ಕಾಲು ಮಿ.ಮೀ. ಲೆಕ್ಕದಲ್ಲಿ ಬರುತ್ತವೆ: 0.25, 0.50, 0.75, 1.00. ಪೂರ್ತಿ ಒಂದು ಮಿ.ಮೀ. ಕೊರೆದರೂ 98 ಸಿಸಿ ಗಾಡಿ 102 ಸಿಸಿ ಆಗುತ್ತೆ ಅಷ್ಟೇ. ಬೋರ್ ಮಾಡಿಸಿದರೆ ಪಿಕಪ್ ಡಬಲ್ ಆಗುತ್ತೆ ಅನ್ನೋದು ಬರೀ ಮಾತು. ಅದು ರಿಪೇರಿ. ಒಂದೊಂದು ಸಲ ಕೊರೆದಾಗಲೂ ಸಿಲಿಂಡರ್‌ನ ಆಯುಸ್ಸು ಒಂದು ಮೆಟ್ಟಿಲು ಇಳಿಯುತ್ತೆ.

ಭಾಯ್ ನನ್ನನ್ನ ಭದ್ರಾವತಿಗೆ ಕಳಿಸಿದರು. ಅಲ್ಲಿ ಒಬ್ಬರು ಟರ್ನರ್ ಇದ್ದಾರೆ. ವಯಸ್ಸು ಅರವತ್ತೆಂಟು. ಕಾರ್ಖಾನೆಯಲ್ಲಿ ಕೆಲಸ ಕಲಿತು, ನಿವೃತ್ತಿಯಾದ ಮೇಲೆ ಮನೆ ಪಕ್ಕದ ಶೆಡ್‌ನಲ್ಲಿ ಒಂದು ಲೇತ್ ಇಟ್ಟುಕೊಂಡಿದ್ದಾರೆ. ಅವರು ಸಿಲಿಂಡರ್ ನೋಡಿದ ಕೂಡಲೇ ಕೊರೆಯಲಿಲ್ಲ. "ಪಿಸ್ಟನ್ ತಂದಿದ್ಯೇನಪ್ಪ? ಮೊದ್ಲು ಅದನ್ನ ಕೊಡು" ಅಂದರು. ಪಿಸ್ಟನ್ ಡಬ್ಬಿ ಮೇಲೆ ಬರೆದ ಅಳತೆಯನ್ನ ಅವರು ನಂಬಲ್ಲ. ಮೈಕ್ರೋಮೀಟರ್ ಹಿಡಿದು ಮೂರು ಕಡೆ ಅಳೆದು, ಆ ಪಿಸ್ಟನ್‌ಗೆ ತಕ್ಕ ಹಾಗೆ ಸಿಲಿಂಡರ್ ಕೊರೆಯುತ್ತಾರೆ. ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡಬೇಕಾದ ಸಂದು ಮಿ.ಮೀ.ಯ ನೂರನೇ ಭಾಗದ ಲೆಕ್ಕದ್ದು. ಜಾಸ್ತಿ ಬಿಟ್ಟರೆ ಸದ್ದು, ಕಡಿಮೆ ಬಿಟ್ಟರೆ ಮತ್ತೆ ಸೀಜ್.

ಕ್ರ್ಯಾಂಕ್ ಕೆಲಸ ಇನ್ನೂ ನಾಜೂಕು. ಈ ಎಂಜಿನ್‌ನ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ಬಿಲ್ಲೆ, ಮಧ್ಯೆ ಒಂದು ಪಿನ್, ಎಲ್ಲ ಪ್ರೆಸ್‌ನಲ್ಲಿ ಒತ್ತಿ ಕೂರಿಸಿದ್ದು. ಕನೆಕ್ಟಿಂಗ್ ರಾಡ್ ಬದಲಾಯಿಸಬೇಕಾದರೆ ಬಿಡಿಸಿ ಮತ್ತೆ ಒತ್ತಬೇಕು. ಆಮೇಲೆ ಡಯಲ್ ಗೇಜ್ ಇಟ್ಟು ತಿರುಗಿಸಿ, ಎಲ್ಲಿ ಓರೆ ಇದೆ ನೋಡಿ, ತಾಮ್ರದ ಸುತ್ತಿಗೆಯಲ್ಲಿ ಒಂದೊಂದೇ ಏಟು ಕೊಟ್ಟು ನೇರ ಮಾಡಬೇಕು. ಅವರು ಆ ಕೆಲಸ ಮಾಡುವಾಗ ನಾನು ಹತ್ತಿರ ಕೂತಿದ್ದೆ. ಒಂದೂವರೆ ಗಂಟೆ ಮಾತಿಲ್ಲ.

ಇಂಥ ಕೈ ಭದ್ರಾವತಿಯಲ್ಲಿ ಇರೋದು ಆಕಸ್ಮಿಕ ಅಲ್ಲ. 1923ರಲ್ಲಿ ಇಲ್ಲಿ ಕಬ್ಬಿಣ ಕರಗೋಕೆ ಶುರುವಾಯಿತು. ಆಮೇಲೆ ಎಂಪಿಎಂ ಕಾಗದ ಕಾರ್ಖಾನೆ ಬಂತು. ಎರಡೂ ಸೇರಿ ತಲೆಮಾರುಗಟ್ಟಲೆ ಫಿಟ್ಟರ್, ಟರ್ನರ್, ಮೌಲ್ಡರ್‌ಗಳನ್ನ ತಯಾರು ಮಾಡಿದವು. ನಮ್ಮ ಭಾಗದ ಪಂಪ್‌ಸೆಟ್, ರೈಸ್‌ಮಿಲ್, ಟ್ರ್ಯಾಕ್ಟರ್, ಬೈಕ್ ಎಲ್ಲ ರಿಪೇರಿಯಾಗಿದ್ದು ಅವರ ಕೈಯಲ್ಲೇ. ಎಂಪಿಎಂ ಉತ್ಪಾದನೆ ನಿಂತು ವರ್ಷಗಳಾದವು. ವಿಐಎಸ್‌ಎಲ್ ಮುಚ್ಚೋದಾಗಿ 2023ರ ಜನವರಿಯಲ್ಲಿ ಹೇಳಿದರು. ಕಾರ್ಮಿಕರು ಹೋರಾಟಕ್ಕೆ ಕೂತ ಮೇಲೆ ಅದೇ ವರ್ಷ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು. ಕಾರ್ಖಾನೆ ಮುಚ್ಚಿದರೆ ಎಷ್ಟು ಜನರ ಕೆಲಸ ಹೋಯಿತು ಅಂತ ಲೆಕ್ಕ ಹಾಕ್ತೀವಿ. ಹೊಸದಾಗಿ ಕೆಲಸ ಕಲಿಯೋರು ಎಷ್ಟು ಜನ ಇಲ್ಲವಾದರು ಅಂತ ಯಾರೂ ಲೆಕ್ಕ ಇಡಲ್ಲ. ನಮ್ಮ ಟರ್ನರ್‌ರ ಇಬ್ಬರು ಮಕ್ಕಳೂ ಬೆಂಗಳೂರಲ್ಲಿ ಬೇರೆ ಕೆಲಸದಲ್ಲಿದ್ದಾರೆ. ಲೇತ್ ಮುಂದೆ ಯಾರಿಗೆ ಅಂತ ಕೇಳಿದೆ. "ಗುಜರಿಗೆ. ತೂಕ ಚೆನ್ನಾಗಿ ಬರುತ್ತೆ" ಅಂತ ನಕ್ಕರು.

ಸೈಲೆನ್ಸರ್ ಜಗಳ

ಎಂಜಿನ್ ಕಟ್ಟಿ ಮುಗಿದ ಮೇಲೆ ಮನೆಯಲ್ಲಿ ಜಗಳ ಶುರು. ಅಣ್ಣನ ಮಗ, ಹತ್ತೊಂಬತ್ತು ವರ್ಷ, ಪಾಲಿಟೆಕ್ನಿಕ್ ಓದ್ತಾನೆ. ಅವನಿಗೆ ಗಾಡಿ ಕೆಫೆ ರೇಸರ್ ಆಗಬೇಕು. ಹಿಂದಿನ ಫ್ರೇಮ್ ಕತ್ತರಿಸಿ ಗಿಡ್ಡ ಮಾಡಿ, ಹ್ಯಾಂಡಲ್ ತಗ್ಗಿಸಿ, ಆರ್‌ಎಕ್ಸ್ 135 ಎಂಜಿನ್ ಕೂರಿಸಿ, ಸೈಲೆನ್ಸರ್ ಒಳಗಿನ ಬ್ಯಾಫಲ್ ಕಿತ್ತು ಹಾಕಬೇಕು. "ಚಿಕ್ಕಪ್ಪ, ಸ್ಟಾಕ್ ಗಾಡಿ ಯಾರು ನೋಡ್ತಾರೆ?" ಅನ್ನೋದು ಅವನ ವಾದ.

ಬೈಯೋದು ಸುಲಭ ಇತ್ತು. ಆದರೆ ಈ ವಯಸ್ಸಿನ ಹುಡುಗರಿಗೆ 'ಕಾನೂನು ಬಿಡಲ್ಲ' ಅಂದರೆ ಅದೇ ಮಜಾ ಆಗುತ್ತೆ. ಹಾಗಾಗಿ ಎಂಜಿನ್‌ನ ಲೆಕ್ಕದಿಂದಲೇ ಹೇಳಿದೆ.

ಟೂ ಸ್ಟ್ರೋಕ್ ಗಾಡಿಯ ಸೈಲೆನ್ಸರ್ ಇರೋದು ಸದ್ದು ಕಡಿಮೆ ಮಾಡೋಕೆ ಮಾತ್ರ ಅಲ್ಲ. ಅದು ಎಂಜಿನ್‌ನ ಒಂದು ಅಂಗ. ಈ ಎಂಜಿನ್‌ನಲ್ಲಿ ಹಳೇ ಹೊಗೆ ಹೊರಗೆ ಹೋಗೋದೂ ಹೊಸ ಮಿಶ್ರಣ ಒಳಗೆ ಬರೋದೂ ಹೆಚ್ಚುಕಡಿಮೆ ಒಟ್ಟಿಗೇ. ಹೊಗೆಯ ಜೊತೆ ಉರಿಯದ ಪೆಟ್ರೋಲ್ ಒಂದಷ್ಟು ಜಾರಿಕೊಳ್ಳುತ್ತೆ. ಸೈಲೆನ್ಸರ್‌ನ ಉದ್ದ, ಹೊಟ್ಟೆ, ಬಾಲದ ಸಣ್ಣ ತೂತು ಎಲ್ಲ ಅಳತೆ ಮಾಡಿಯೇ ಇಟ್ಟಿರೋದು. ಒಳಗೆ ಹೋದ ಒತ್ತಡದ ಅಲೆ ತಿರುಗಿ ಬಂದು, ಜಾರಿಕೊಂಡ ಮಿಶ್ರಣವನ್ನ ವಾಪಸ್ ಸಿಲಿಂಡರ್‌ಗೆ ತಳ್ಳಬೇಕು. ಅದನ್ನ ಕೊಯ್ದು ತೂತು ಮಾಡಿದರೆ ಸದ್ದು ಜೋರಾಗುತ್ತೆ, ಆದರೆ ಆ ಲೆಕ್ಕ ಕೆಡುತ್ತೆ. ಕೆಳಗಿನ ಗೇರ್‌ನ ಎಳೆತ ಬೀಳುತ್ತೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ. ಮಂಡಗದ್ದೆ ಕಡೆ ಏರಲ್ಲಿ ಇಬ್ಬರು ಕೂತು ಹೋಗಿ ನೋಡಿದರೆ ಗೊತ್ತಾಗುತ್ತೆ.

ಆಮೇಲೆ ಕಾನೂನು ತೋರಿಸಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಇಂಥ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಸದ್ದು-ಹೊಗೆಯ ನಿಯಮ ಮೀರಿದರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳು ಲೈಸೆನ್ಸ್ ಇಲ್ಲ. ಪೊಲೀಸರು ಕರ್ಕಶ ಸೈಲೆನ್ಸರ್‌ಗಳನ್ನ ರಸ್ತೆಯಲ್ಲಿ ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸೋದನ್ನ ಎಲ್ಲರೂ ನೋಡಿದ್ದೀವಿ.

ಹಾಗಾದರೆ ಏನೂ ಬದಲಾಯಿಸೋಕಾಗಲ್ವಾ? ಆಗುತ್ತೆ. ಸೀಟಿನ ಹೊಲಿಗೆ, ಒಳ್ಳೇ ಟಯರ್, ಹೊಸ ವೈರಿಂಗ್, ಬ್ರೇಕ್ ಶೂ, ಕೇಬಲ್‌ಗಳಿಗೆ ಯಾರೂ ಅಡ್ಡಿ ಮಾಡಲ್ಲ. ಬಣ್ಣ ಬದಲಾಯಿಸಿದರೆ ಆರ್‌ಸಿಯಲ್ಲೂ ಬದಲಾಯಿಸಿಕೊಂಡರೆ ಕ್ಷೇಮ. ಎಂಜಿನ್ ಪೂರ್ತಿ ಹೋಗಿದ್ದರೆ ಅದೇ ಬಗೆಯ ಎಂಜಿನ್ ಹಾಕಿ ನಮೂದಿಸಿಕೊಳ್ಳೋಕೆ ದಾರಿ ಇದೆ. ಫ್ರೇಮ್‌ಗೆ ಮಾತ್ರ ಗರಗಸ ಹಾಕಬೇಡಿ. ವೆಲ್ಡಿಂಗ್ ಬಿಟ್ಟರೆ ಹೋಗೋದು ದಂಡದ ದುಡ್ಡಲ್ಲ, ಜೀವ.

ಕಾಗದ ಇಲ್ಲದ ಗಾಡಿ ಗುಜರಿಯೇ

ಎಂಜಿನ್‌ಗಿಂತ ಹೆಚ್ಚು ದಿನ ಹಿಡಿದಿದ್ದು ಆರ್‌ಸಿ. ತಪ್ಪು ನಮ್ಮದೇ. ಬೈಕ್‌ನ ನೋಂದಣಿ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅಪ್ಪ 2007ರಲ್ಲಿ, 2012ರಲ್ಲಿ ಮಾಡಿಸಿದ್ದರು. 2017ರಲ್ಲಿ ಗಾಡಿ ಕೊಟ್ಟಿಗೆಯಲ್ಲಿತ್ತು, ಯಾರಿಗೂ ನೆನಪಾಗಲಿಲ್ಲ. 2022ರ ಏಪ್ರಿಲ್‌ನಿಂದ ಬಂದ ನಿಯಮದಲ್ಲಿ ಬೈಕ್ ನವೀಕರಣಕ್ಕೆ 1,000 ರೂಪಾಯಿ, ತಡವಾದ ಪ್ರತಿ ತಿಂಗಳಿಗೆ 300 ರೂಪಾಯಿ. ನಮ್ಮ ಗಾಡಿಗೆ ಈ ತಡದ ಶುಲ್ಕವೇ ಪಿಸ್ಟನ್ ಕಿಟ್ಟಿನ ಬೆಲೆ ಮೀರಿಸಿತು. 2025ರ ಆಗಸ್ಟ್‌ನಿಂದ ಇಪ್ಪತ್ತು ವರ್ಷ ದಾಟಿದ ಬೈಕಿಗೆ ನವೀಕರಣ ಶುಲ್ಕ 2,000 ರೂಪಾಯಿ ಆಗಿದೆ. ಇದರ ಮೇಲೆ ಹಸಿರು ತೆರಿಗೆ, ಇನ್ಶೂರೆನ್ಸ್, ಎಮಿಷನ್, ಹೊಸ ನಂಬರ್ ಪ್ಲೇಟ್. ಹಳೇ ಪುಸ್ತಕದ ಆರ್‌ಸಿಯ ವಿವರ ಕಂಪ್ಯೂಟರ್‌ಗೆ ಏರದಿದ್ದರೆ ಇದ್ಯಾವುದೂ ಮುಂದೆ ಹೋಗಲ್ಲ, ಮೊದಲು ಅದನ್ನ ಏರಿಸಿಕೊಳ್ಳಬೇಕು.

ಗಾಡಿ ಕೊಳ್ಳೋರೂ ಇದನ್ನೇ ನೋಡಿ. ಹೊಳಪು ನೋಡಬೇಡಿ, ನಂಬರ್ ನೋಡಿ. ಆರ್‌ಎಕ್ಸ್ 100ರ ಎಂಜಿನ್, ಚಾಸಿ ನಂಬರ್‌ಗಳು 1ಎಲ್1 ಅಂತ ಶುರುವಾಗುತ್ತವೆ. ಎರಡನ್ನೂ ಆರ್‌ಸಿಗೆ ತಾಳೆ ಹಾಕಿ. ನಂಬರ್ ಉಜ್ಜಿದ ಗುರುತು ಇದ್ದರೆ, 'ಪೇಪರ್ ಆಮೇಲೆ ಮಾಡ್ಕೊಡ್ತೀನಿ' ಅಂದರೆ ಅಲ್ಲಿಂದ ಎದ್ದು ಬನ್ನಿ.

ನಮ್ಮ ಕಾನೂನಿನಲ್ಲಿ 'ವಿಂಟೇಜ್' ಅನ್ನೋ ವರ್ಗವೂ ಇದೆ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು, ಶುಲ್ಕ 20,000 ರೂಪಾಯಿ. ಅಂದರೆ ಮೊಟ್ಟಮೊದಲ ಆರ್‌ಎಕ್ಸ್ 100ಕ್ಕೂ 2035ರವರೆಗೆ ಆ ಮರ್ಯಾದೆ ಇಲ್ಲ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐವಿಎ ಮೂವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ, ದಿನಬಳಕೆಯಲ್ಲಿಲ್ಲದ ಗಾಡಿಯನ್ನ ಐತಿಹಾಸಿಕ ಅನ್ನುತ್ತೆ. ಜರ್ಮನಿ ಅಂಥವಕ್ಕೆ ಬೇರೆ ನಂಬರ್ ಪ್ಲೇಟನ್ನೇ ಕೊಡುತ್ತೆ. ಮಿತಿ ಐವತ್ತಿಟ್ಟರೆ ಉಳಿಯೋದು ಸಾಹುಕಾರರ ಕಾರುಗಳು. ಮೂವತ್ತಿಟ್ಟರೆ ಹಾಲು ಹಾಕಿದವರ, ಮೇಷ್ಟ್ರುಗಳ, ಅಡಿಕೆ ಸಾಗಿಸಿದವರ ಗಾಡಿಗಳೂ ಉಳೀತಾವೆ.

ಹೊಗೆಯ ಮಾತು ಮುಚ್ಚಿಡೋದು ಬೇಡ

ಇಷ್ಟು ಹೇಳಿ ಒಂದು ಮಾತು ಬಿಟ್ಟರೆ ಮೋಸ ಆಗುತ್ತೆ. ಟೂ ಸ್ಟ್ರೋಕ್ ಕೊಳಕು ಎಂಜಿನ್. ಎಣ್ಣೆಯೂ ಪೆಟ್ರೋಲ್ ಜೊತೆ ಉರಿಯುತ್ತೆ, ಉರಿಯದ ಪೆಟ್ರೋಲ್ ಹೊರಗೆ ಹೋಗುತ್ತೆ. 2000ದ ಮಾರ್ಚ್‌ಗಿಂತ ಮೊದಲು ತಯಾರಾದ ಟೂ ಸ್ಟ್ರೋಕ್ ಗಾಡಿಗೆ ಹೊಗೆ ತಪಾಸಣೆಯಲ್ಲಿ ಶೇ 4.5 ಕಾರ್ಬನ್ ಮೊನಾಕ್ಸೈಡ್, 9,000 ಪಿಪಿಎಂ ಹೈಡ್ರೋಕಾರ್ಬನ್‌ವರೆಗೆ ರಿಯಾಯಿತಿ ಇದೆ. ಇದು ಹಳೇ ಗಾಡಿ ಅಂತ ತೋರಿಸಿದ ದಾಕ್ಷಿಣ್ಯ, ಸರ್ಟಿಫಿಕೇಟ್ ಸಿಕ್ಕಿತು ಅಂದರೆ ಗಾಡಿ ಶುದ್ಧ ಅಂತಲ್ಲ. ಹಾಗಾಗಿ ಇದನ್ನ ದಿನಾ ಆಫೀಸಿಗೆ ಓಡಿಸೋ ಗಾಡಿ ಮಾಡೋದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ತಿಂಗಳಿಗೆ ಒಂದೆರಡು ಸಲ ಓಡಿದರೆ ಗಾಡಿಗೂ ಸಾಕು, ಊರಿಗೂ ಸಾಕು. ಈಗ ಪೆಟ್ರೋಲ್‌ಗೆ ಎಥೆನಾಲ್ ಶೇ 20ರವರೆಗೆ ಬೆರೆತು ಬರ್ತಿದೆ. ಅದು ನೀರಿನ ಪಸೆ ಹೀರುತ್ತೆ, ಹಳೇ ರಬ್ಬರ್ ಪೈಪ್‌ಗೂ ಒಗ್ಗಲ್ಲ. ನಿಲ್ಲಿಸೋ ಮೊದಲು ಕಾರ್ಬುರೇಟರ್ ಖಾಲಿ ಮಾಡಿ. ಮಲೆನಾಡಿನವರು ಮಳೆಗಾಲದಲ್ಲಿ ಟ್ಯಾಂಕ್ ಕೂಡ ಖಾಲಿ ಮಾಡಿ, ಒಳಗೆ ಸ್ವಲ್ಪ ಎಣ್ಣೆ ಸವರಿಡಿ.

ನಮ್ಮ ಗಾಡಿ ಈಗ ಕೆಎ 14ರ ಅದೇ ನಂಬರ್‌ನಲ್ಲಿ, ಅದೇ ಕಪ್ಪು ಬಣ್ಣದಲ್ಲಿ, ಅದೇ ಸೈಲೆನ್ಸರ್‌ನಲ್ಲಿದೆ. ಒಟ್ಟು ಖರ್ಚು ಐವತ್ತು ಸಾವಿರದ ಹತ್ತಿರ, ಅದರಲ್ಲಿ ಕಾಲು ಭಾಗ ನನ್ನ ಮೊದಲ ತಪ್ಪಿನದು. ಅಪ್ಪನಿಗೆ ಕಿಕ್ ಹೊಡೆಯೋಕಾಗಲ್ಲ. ಮೊಮ್ಮಗ ಹೊಡೆದು ಕೊಟ್ಟ. ಡ್ಯಾಮ್‌ವರೆಗೆ ಹೋಗಿ ಬಂದರು. "ಮೂರನೇ ಗೇರು ಸ್ವಲ್ಪ ಗಟ್ಟಿ ಬೀಳ್ತಿದೆ, ನೋಡ್ಸು" ಅಂದು ಒಳಗೆ ಹೋದರು. ಅಷ್ಟೇ ಅವರ ಮೆಚ್ಚುಗೆ.

ಅಣ್ಣನ ಮಗ ಇನ್ನೂ ಕೆಫೆ ರೇಸರ್ ಆಸೆ ಬಿಟ್ಟಿಲ್ಲ. ಆದರೆ ಕಳೆದ ತಿಂಗಳು ಎರಡು ಭಾನುವಾರ ಭದ್ರಾವತಿಗೆ ಹೋಗಿದ್ದ. ಟರ್ನರ್ ಅವನಿಗೆ ಲೇತ್ ಮುಟ್ಟೋಕೆ ಬಿಟ್ಟಿಲ್ಲ. ಒಂದು ಹಳೇ ಪಿಸ್ಟನ್, ಒಂದು ಮೈಕ್ರೋಮೀಟರ್ ಕೈಗೆ ಕೊಟ್ಟು, ಮೂರು ಕಡೆ ಅಳೆದು ಬರಿ ಅಂದರಂತೆ. ಹತ್ತು ಸಲ ಅಳೆದ, ಹತ್ತು ಸಲವೂ ಬೇರೆ ಬೇರೆ ಲೆಕ್ಕ ಬಂತು. ಮುಂದಿನ ಭಾನುವಾರ ಮತ್ತೆ ಬಾ ಅಂದಿದ್ದಾರೆ.